ಸ್ಲಿಪ್ಪಿನ ಬಲಗಡೆ ಕಾಲಂ

ಫೆಬ್ರವರಿ ಸಂಬಳದ ಸ್ಲಿಪ್ ಹಂಚಿದ ಮಧ್ಯಾಹ್ನ ಮಿಲ್ಲಿಂಗ್ ಸೆಕ್ಷನ್ನಿನ ಅಣ್ಣ ಒಬ್ಬರು ನನ್ನ ಟೇಬಲ್ ಮುಂದೆ ಬಂದು ನಿಂತರು. ಎಣ್ಣೆ ಹತ್ತದಿರಲಿ ಅಂತ ಸ್ಲಿಪ್ಪನ್ನು ಎರಡೇ ಬೆರಳಲ್ಲಿ ಹಿಡಿದಿದ್ದರು. "ಮೇಡಂ, ತಿಂಗಳು ನೋಡಿದ್ರೆ 28 ದಿನ. ಪಿಟಿ ನೋಡಿದ್ರೆ 100 ರೂಪಾಯಿ ಜಾಸ್ತಿ. ಇದ್ಯಾವ ಲೆಕ್ಕ?"

ಕೇಳಬೇಕಾದ ಪ್ರಶ್ನೆಯೇ. ನಮ್ಮ ರಾಜ್ಯದಲ್ಲಿ ತಿಂಗಳಿಗೆ 25,000 ಮತ್ತು ಅದಕ್ಕಿಂತ ಹೆಚ್ಚು ಸಂಬಳ ಇರುವವರಿಗೆ ವೃತ್ತಿ ತೆರಿಗೆ, ಅಂದರೆ ಪಿಟಿ, 200 ರೂಪಾಯಿ. ವರ್ಷಕ್ಕೆ 2,400 ಆಗುತ್ತಿತ್ತು. ಸಂವಿಧಾನದ 276ನೇ ವಿಧಿ ಈ ತೆರಿಗೆಗೆ ವರ್ಷಕ್ಕೆ 2,500 ಅಂತ ಮಿತಿ ಹಾಕಿದೆ. ಉಳಿದ ಆ 100 ರೂಪಾಯಿಯನ್ನೂ ಬಿಡದೆ, 2025ರ ಏಪ್ರಿಲ್‌ನಿಂದ ಫೆಬ್ರವರಿಗೆ ಮಾತ್ರ 300 ಅಂತ ಮಾಡಿದರು. ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿದೆ. "ಸರ್ಕಾರದೋರು ನಮ್ಮ ಓನರ್‌ಗಿಂತ ಗಟ್ಟಿ" ಅಂದು ಹೊರಟರು.

ಪೀಣ್ಯದಲ್ಲಿ 38 ಜನರ ಮಷಿನ್ ಶಾಪ್ ನಮ್ಮದು. ಸಂಬಳ ಮಾಡುವುದು ನಾನೊಬ್ಬಳೇ. ಸ್ಲಿಪ್ಪಿನ ಎಡಗಡೆ ಕೊಡುವುದು, ಬಲಗಡೆ ಹಿಡಿಯುವುದು. ಎಡಗಡೆ ತಪ್ಪಾದರೆ ಯಾರಾದರೂ ಬಂದು ಹೇಳುತ್ತಾರೆ, ಸರಿ ಮಾಡಿಬಿಡಬಹುದು. ಬಲಗಡೆಯ ತಪ್ಪು ಹಾಗಲ್ಲ. ನಾನು ಇದನ್ನು ಕಲಿತದ್ದು 2022ರಲ್ಲಿ, ನನ್ನದೇ ತಪ್ಪಿನಿಂದ.

ಆ ಜುಲೈನಲ್ಲಿ ಲೇತ್ ಮೇಲಿನ ಹುಡುಗನೊಬ್ಬನಿಗೆ ಇನ್‌ಕ್ರಿಮೆಂಟ್ ಆಯಿತು. 20,400 ಇದ್ದ ಒಟ್ಟು ಸಂಬಳ 21,600ಕ್ಕೆ ಹೋಯಿತು. ನೌಕರರ ವಿಮೆ ಇಎಸ್‌ಐಗೆ ಸಂಬಳದ ಮಿತಿ 21,000 ತಾನೇ, ದಾಟಿದ, ಅಂತ ಅವನ ಇಎಸ್‌ಐ ನಿಲ್ಲಿಸಿದೆ. ಕೈಗೆ ನಾಲ್ಕು ಕಾಸು ಜಾಸ್ತಿ ಬರುತ್ತೆ, ಖುಷಿ ಪಡ್ತಾನೆ ಅಂದುಕೊಂಡಿದ್ದೆ. ಎರಡು ತಿಂಗಳ ಮೇಲೆ ಬಂದ. "ಅಕ್ಕಾ, ಇಎಸ್‌ಐ ಯಾಕೆ ಹಿಡೀತಿಲ್ಲ? ಅಮ್ಮನಿಗೆ ಶುಗರ್ ಮಾತ್ರೆ ಅಲ್ಲೇ ತಗೊಳ್ಳೋದು."

ಆಮೇಲೆ ನಿಯಮ ತೆಗೆದು ಓದಿದೆ. ಇಎಸ್‌ಐ ಲೆಕ್ಕ ಆರಾರು ತಿಂಗಳದ್ದು. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಶುರುವಿನಲ್ಲಿ ಮಿತಿಯೊಳಗೆ ಇದ್ದವನು ಮಧ್ಯದಲ್ಲಿ ದಾಟಿದರೂ ಆ ಆರು ತಿಂಗಳು ಮುಗಿಯುವವರೆಗೆ ಹಿಡಿಯಲೇಬೇಕು. ಅದೂ 21,000ದ ಮೇಲಲ್ಲ, ಪೂರ್ತಿ 21,600ರ ಮೇಲೆ. ಅವನ ಪಾಲು ಶೇ. 0.75, ಅಂದರೆ 162 ರೂಪಾಯಿ. ನಮ್ಮ ಪಾಲು ಶೇ. 3.25, 702 ರೂಪಾಯಿ. ಏಪ್ರಿಲ್–ಸೆಪ್ಟೆಂಬರ್‌ನಲ್ಲಿ ಕಟ್ಟಿದ್ದಕ್ಕೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ. ನಾನು ಉಳಿಸಿಕೊಟ್ಟೆ ಅಂದುಕೊಂಡ 162 ರೂಪಾಯಿ ಅವನ ಅಮ್ಮನ ಮಾತ್ರೆ ಚೀಟಿ ಆಗಿತ್ತು.

ಸರಿ, ಎರಡು ತಿಂಗಳ 324 ರೂಪಾಯಿಯನ್ನು ಮುಂದಿನ ಸಂಬಳದಲ್ಲಿ ಒಟ್ಟಿಗೆ ಹಿಡಿದರಾಯಿತು ಅಂದುಕೊಂಡೆ. ಅದೂ ಆಗುವುದಿಲ್ಲ. ಆ ತಿಂಗಳ ಇಎಸ್‌ಐ ಆ ತಿಂಗಳ ಸಂಬಳದಲ್ಲೇ ಹಿಡಿಯಬೇಕು, ಬೇರೆ ತಿಂಗಳದ್ದರಲ್ಲಿ ಹಿಡಿಯುವಂತಿಲ್ಲ ಅಂತ ಕಾನೂನೇ ಹೇಳುತ್ತದೆ. ಮರೆತವರು ನಾವು, ತೆರಬೇಕಾದವರೂ ನಾವೇ. ಎರಡೂ ಪಾಲು, ಮೇಲೆ ವರ್ಷಕ್ಕೆ ಶೇ. 12 ಬಡ್ಡಿ ಸೇರಿಸಿ ಕಂಪನಿಯಿಂದ ಕಟ್ಟಿದೆವು. ಮೊತ್ತ ಸಣ್ಣದೇ. ಓನರ್ ಏನೂ ಅನ್ನಲಿಲ್ಲ, ಕನ್ನಡಕದ ಮೇಲಿಂದ ಒಂದು ಸಲ ನೋಡಿದರು ಅಷ್ಟೆ. ಬೈದಿದ್ದರೇ ವಾಸಿಯಿತ್ತು.

ಅದೇ ವರ್ಷದ ಆರಂಭದಲ್ಲಿ ಇನ್ನೊಂದು ರಗಳೆ ಆಗಿತ್ತು. 2021ರ ಡಿಸೆಂಬರ್ ಕೊನೆಗೆ ತುಮಕೂರು ರಸ್ತೆಯ ಪೀಣ್ಯ ಫ್ಲೈಓವರ್ ರಿಪೇರಿಗೆ ಮುಚ್ಚಿದ್ದು ನೆನಪಿದೆಯಾ? ನೆಲಮಂಗಲ ಕಡೆಯಿಂದ ಬರುವವರೆಲ್ಲ ದಿನಾ ಲೇಟು. ಹತ್ತು ನಿಮಿಷ, ಕಾಲು ಗಂಟೆ. ಮೂರು ಸಲ ಲೇಟಾದರೆ ಅರ್ಧ ದಿನ ಕಟ್ ಅಂತ ಓನರ್ ಬೋರ್ಡ್ ಬರೆಸಿ ತಂದರು. ಸುತ್ತಮುತ್ತ ಎಷ್ಟೋ ಕಡೆ ಹೀಗೇ ಮಾಡುತ್ತಾರೆ, ಯಾರೂ ಕೇಳುವುದಿಲ್ಲ. ಆದರೆ ಎಷ್ಟು ಹೊತ್ತು ಕೆಲಸಕ್ಕಿಲ್ಲವೋ ಅಷ್ಟಕ್ಕೆ ತಕ್ಕಷ್ಟೇ ಹಿಡಿಯಬಹುದು. ಮೂರು ಸಲ ಹತ್ತು ನಿಮಿಷ ಅಂದರೆ ಅರ್ಧ ಗಂಟೆ. ಅದಕ್ಕೆ ನಾಲ್ಕು ಗಂಟೆಯ ಸಂಬಳ ಹಿಡಿದರೆ ಉಳಿದ ಮೂರೂವರೆ ಗಂಟೆಗೆ ಏನಂತ ಹೆಸರು ಕೊಡೋದು? ದಂಡ ಅಂತ ಕೊಡಬೇಕು. ದಂಡಕ್ಕೆ ಅದರದ್ದೇ ದಾರಿ ಇದೆ. ಯಾವ ತಪ್ಪಿಗೆ ದಂಡ ಅನ್ನುವ ಪಟ್ಟಿಗೆ ಮೊದಲೇ ಸರ್ಕಾರದ ಒಪ್ಪಿಗೆ ಬೇಕು, ಕೆಲಸದವನ ಮಾತು ಕೇಳಬೇಕು, ಆ ತಿಂಗಳ ಸಂಬಳದ ಶೇ. 3 ದಾಟಬಾರದು. ಇಷ್ಟೆಲ್ಲ ಹೇಳಿದರೂ ಓನರ್ ಮಣಿಯಲಿಲ್ಲ. ಕೊನೆಗೆ, "ಸಾರ್, ದಂಡದ ದುಡ್ಡು ನಿಮ್ಮ ಖಾತೆಗೆ ಬರಲ್ಲ. ನೌಕರರ ಒಳಿತಿಗೇ ಖರ್ಚು ಮಾಡಬೇಕು" ಅಂದೆ. ಬೋರ್ಡ್ ಈಗಲೂ ಸ್ಟೋರ್ ರೂಮಿನಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ.

ಒಡೆದ ಸಾಮಾನಿನದ್ದೂ ಇದೇ ಕಥೆ. ಅಳತೆ ನೋಡುವ ಡಿಜಿಟಲ್ ವರ್ನಿಯರ್ ಕೆಳಗೆ ಬಿತ್ತು, 3,800 ರೂಪಾಯಿ. "ಹಿಡ್ಕೊಳ್ಳಿ" ಅಂತ ಚೀಟಿ ಬಂತು. ನಾನು ಹುಡುಗನನ್ನು ಕರೆದು ಕೇಳಿದೆ, ಬರೆಸಿಕೊಂಡೆ. ಕೂಲೆಂಟ್ ಪೈಪ್ ಸೋರಿ ಕೈ ಜಾರಿತ್ತು. ಪೈಪ್ ಸೋರುತ್ತಿದೆ ಅಂತ ಮೇಂಟೆನೆನ್ಸ್ ಪುಸ್ತಕದಲ್ಲಿ ನಾಲ್ಕು ದಿನ ಮೊದಲೇ ಅವನೇ ಬರೆದಿದ್ದ. ಅವನ ಅಜಾಗರೂಕತೆಯಿಂದಲೇ ನಷ್ಟ ಆಗಿದ್ದರೆ ಮಾತ್ರ ಹಿಡಿಯಬಹುದು. ಇಲ್ಲಿ ಹಿಡಿಯಲು ಏನಿತ್ತು?

ಪಿಎಫ್ ವಿಷಯ ಬೇರೆ. ಅಲ್ಲಿ ಹಿಡಿಯುವುದರಲ್ಲಿ ಗೊಂದಲ ಕಡಿಮೆ. 15,000 ಬೇಸಿಕ್‌ಗೆ ಶೇ. 12, ಅಂದರೆ 1,800. ಕಂಪನಿಯೂ ಅಷ್ಟೇ ಹಾಕಬೇಕು, ಅದರಲ್ಲಿ 1,250 ಪೆನ್ಷನ್‌ಗೆ ಹೋಗುತ್ತದೆ. ಅಪಾಯ ಇರುವುದು ಹಿಡಿದ ಮೇಲೆ. ನಾನು ಹಿಂದೆ ಇದ್ದ ಒಂದು ಕಡೆ, ಪೇಮೆಂಟ್ ಬಾರದ ತಿಂಗಳಲ್ಲಿ ಪಿಎಫ್ ದುಡ್ಡನ್ನು "ರೊಟೇಷನ್‌ಗೆ ಹಾಕ್ಕೊಳ್ಳೋಣ" ಅನ್ನುತ್ತಿದ್ದರು. ಸ್ಲಿಪ್ಪಿನಲ್ಲಿ ಹಿಡಿದದ್ದು ಇರುತ್ತಿತ್ತು, ಪಾಸ್‌ಬುಕ್ಕಿನಲ್ಲಿ ಇರುತ್ತಿರಲಿಲ್ಲ. ಮಗಳ ಮದುವೆಗೆ ಅಡ್ವಾನ್ಸ್ ತೆಗೆಯಲು ಹೋದವರೊಬ್ಬರು ಮೂರು ತಿಂಗಳು ಖಾಲಿ ಇದ್ದದ್ದು ನೋಡಿ ಬಂದರು. ಕೂಗಾಡಲಿಲ್ಲ. ಸ್ಲಿಪ್ಪನ್ನೂ ಪಾಸ್‌ಬುಕ್ ಪ್ರಿಂಟನ್ನೂ ಅಕ್ಕಪಕ್ಕ ಇಟ್ಟು ಸುಮ್ಮನೆ ನಿಂತರು. ನಾನು ಆ ಕೆಲಸ ಬಿಟ್ಟದ್ದಕ್ಕೆ ಮನೆಯಲ್ಲಿ ಬೇರೆ ಕಾರಣ ಹೇಳಿದ್ದೆ.

ಹಿಡಿದ ಪಿಎಫ್ ಕಟ್ಟದೇ ಇದ್ದರೆ ಅದು ನಂಬಿಕೆದ್ರೋಹದ ಕ್ರಿಮಿನಲ್ ಕೇಸು. ಮುಂದಿನ ತಿಂಗಳ 15 ದಾಟಿದರೆ ಬಡ್ಡಿ, ದಂಡ. ಇಷ್ಟು ಸಾಲದು ಅಂತ, ನೌಕರರ ಪಾಲನ್ನು ತಡವಾಗಿ ಕಟ್ಟಿದರೆ ಆದಾಯ ತೆರಿಗೆಯಲ್ಲಿ ಅದನ್ನು ಖರ್ಚು ಅಂತ ತೋರಿಸುವ ಹಾಗಿಲ್ಲ ಅಂತ 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ನಮ್ಮ ಆಡಿಟರ್ ಇದನ್ನು ಹೇಳಿದ ದಿನದಿಂದ ಓನರ್ 10ನೇ ತಾರೀಖಿಗೇ ಚಲನ್ ಕೇಳುತ್ತಾರೆ. ಕ್ರಿಮಿನಲ್ ಕೇಸಿಗಿಂತ ಟ್ಯಾಕ್ಸ್ ಭಯ ದೊಡ್ಡದು ಅಂತ ಕಾಣುತ್ತೆ.

2025ರ ನವೆಂಬರ್ 21ರಿಂದ ಹೊಸ ವೇತನ ಸಂಹಿತೆ ಬಂದಿದೆ. ಹಿಡಿಯುವ ವಿಷಯದಲ್ಲಿ ಬಹಳಷ್ಟು ಹಳೆಯದೇ. ಎಲ್ಲ ಸೇರಿ ಸಂಬಳದ ಅರ್ಧ ದಾಟಬಾರದು. ಹಳೇ ಕಾಯ್ದೆ ತಿಂಗಳಿಗೆ 24,000ದ ಒಳಗಿನವರಿಗೆ ಮಾತ್ರ ಇತ್ತು, ಈಗ ಎಲ್ಲರಿಗೂ. ಅಂದರೆ ನನಗೂ.

ಈ ವಾರ ಹೊಸ ಚೀಟಿ ಬಂದಿದೆ. ಎಲ್ಲರಿಗೂ ಸೇಫ್ಟಿ ಶೂ ತರಿಸಿದ್ದಾರೆ, ಒಂದು ಜೊತೆಗೆ 850 ರೂಪಾಯಿ. "ಎರಡು ಕಂತಲ್ಲಿ ಹಿಡೀರಿ" ಅಂತ ಬರೆದಿದೆ. ಕೆಲಸದ ಜಾಗದ ಸುರಕ್ಷತೆಗೆ ಕೊಡುವ ಸಾಮಾನಿಗೆ ಕೆಲಸದವನಿಂದ ದುಡ್ಡು ತಗೊಳ್ಳೋ ಹಾಗಿಲ್ಲ. ಶೀಟಿನ ಬಲಗಡೆ ಹೊಸ ಕಾಲಂ ಇನ್ನೂ ಹಾಕಿಲ್ಲ. ಇವತ್ತು ಸ್ಟೀಲ್ ಲಾರಿ ಬಂದಿಲ್ಲ ಅಂತ ಓನರ್ ಸಿಟ್ಟಿನಲ್ಲಿದ್ದಾರೆ. ಸೋಮವಾರ ಕಾಫಿ ಆದ ಮೇಲೆ ಮಾತಾಡಬೇಕು.