ರೀಲು ತಡವರಿಸಿದ ಸಂಜೆ

ಮೀನು ಕಚ್ಚಿದ್ದು ಹೊತ್ತು ಮುಳುಗುವಾಗ. ಮಡುವಿನ ಆಚೆ ಬದಿಯಲ್ಲಿ ಒಂದು ಬಂಡೆ, ಅದರ ನೆರಳಲ್ಲಿ ನೀರು ನಿಧಾನವಾಗಿ ಸುತ್ತುತ್ತಿತ್ತು. ಅಲ್ಲಿಗೆ ಡ್ರೈ ಫ್ಲೈ, ಅಂದರೆ ನೀರಿನ ಮೇಲೆ ತೇಲುವ, ಹುಳದ ಹಾಗೆ ಕಾಣುವ ಕೊಕ್ಕೆ, ಬಿಟ್ಟಿದ್ದೆ. ಎರಡು ಮಾರು ತೇಲಿತೋ ಇಲ್ಲವೋ, ನೀರು ಸ್ವಲ್ಪ ಉಬ್ಬಿ ಫ್ಲೈ ಕಾಣೆಯಾಯಿತು. ರಾಡ್ ಎತ್ತಿದೆ. ಭಾರ ಸಿಕ್ಕಿತು. ಆ ಮಡುವಿನಲ್ಲಿ ಎರಡು ವರ್ಷದಿಂದ ಗಾಳ ಹಾಕುತ್ತಿದ್ದೆ. ಅಂಥ ಭಾರ ಒಮ್ಮೆಯೂ ಕೈಗೆ ತಾಗಿರಲಿಲ್ಲ.

ಟ್ರೌಟ್ ಮೊದಲು ಇದ್ದಲ್ಲೇ ನಿಂತಿತು. ತಲೆ ಕೊಡವಿತು. ಆಮೇಲೆ ಹರಿವಿನ ಜೊತೆ ಕೆಳಗೆ ಓಡಿತು. ಕಾಲ ಬಳಿ ಸಡಿಲವಾಗಿ ಬಿದ್ದಿದ್ದ ಲೈನ್ ಬೆರಳ ಸಂದಿಯಲ್ಲಿ ಸರ್ರನೆ ಹೋಗಿ ಮುಗಿಯಿತು. ಇನ್ನು ರಾಡಿನ ಬುಡದಲ್ಲಿ ಲೈನ್ ಸುತ್ತಿಟ್ಟ ರೀಲಿನದೇ ಕೆಲಸ. ರೀಲು ಒಂದು ಕ್ಷಣ ತಡವರಿಸಿತು. ಆಮೇಲೆ ಜರ್ರನೆ ಬಿಟ್ಟಿತು, ಮತ್ತೆ ಹಿಡಿಯಿತು, ಮತ್ತೆ ಬಿಟ್ಟಿತು. ಆ ಜಗ್ಗಾಟಕ್ಕೆ ರಾಡಿನ ತುದಿ ಕುಣಿಯುತ್ತಿತ್ತು. 27 ಮೀಟರ್ ಫ್ಲೈ ಲೈನ್ ಪೂರ್ತಿ ಹೋಯಿತು. ಅದರ ಹಿಂದಿನ ಕಿತ್ತಳೆ ಬಣ್ಣದ ಬ್ಯಾಕಿಂಗ್ ದಾರ ಹೊರಗೆ ಬಂತು. ಕೆಳಗಿನ ಕಲ್ಲುಗಳ ಹತ್ತಿರ ಮೀನು ಒಮ್ಮೆ ನಿಂತಿತು. ನಾನು ಉಸಿರು ಬಿಟ್ಟೆ. ಅದು ಎರಡನೇ ಸಲ ಓಡಲು ಹೊರಟಿತು. ಅಷ್ಟರಲ್ಲಿ ಕೈ ಹಗುರಾಯಿತು.

ಲೈನನ್ನೆಲ್ಲ ಸುತ್ತಿಕೊಂಡು ತುದಿ ನೋಡಿದೆ. ಗಂಟು ಜಾರಿ ಬಿಚ್ಚಿದ್ದರೆ ದಾರದ ತುದಿ ಹಂದಿಬಾಲದ ಹಾಗೆ ಸುರುಳಿಯಾಗಿರುತ್ತದೆ. ಇಲ್ಲಿ ಸುರುಳಿ ಇರಲಿಲ್ಲ. ಬೆರಳಲ್ಲಿ ಸವರಿದೆ, ಕಲ್ಲಿಗೆ ಉಜ್ಜಿದ ಒರಟೂ ಇರಲಿಲ್ಲ. ಟಿಪ್ಪೆಟ್, ಅಂದರೆ ಫ್ಲೈ ಕಟ್ಟುವ ತುದಿಯ ತೆಳು ದಾರ, ಸೀದಾ ತುಂಡಾಗಿತ್ತು. ಅಂದರೆ ಯಾವುದೋ ಒಂದು ಗಳಿಗೆಯಲ್ಲಿ ಅದು ತಾಳುವುದಕ್ಕಿಂತ ಜಾಸ್ತಿ ಎಳೆತ ಬಿದ್ದಿದೆ. ಕತ್ತಲಾಗುವವರೆಗೂ ದಡದ ಮೇಲೆ ಕೂತಿದ್ದೆ. ಮೀನು ಹೋದದ್ದಕ್ಕಿಂತ, ಬಾಯಲ್ಲಿ ಕೊಕ್ಕೆ ಉಳಿಸಿಕೊಂಡು ಹೋಯಿತಲ್ಲ ಅನ್ನುವುದೇ ಮನಸ್ಸಿಗೆ ಚುಚ್ಚುತ್ತಿತ್ತು. ಮುಳ್ಳು ಚಪ್ಪಟೆ ಮಾಡಿದ ಕೊಕ್ಕೆ ಅದು, ಬೇಗ ಕಳಚಿಕೊಳ್ಳಬಹುದು. ಆದರೂ ಅದು ನನ್ನಿಂದ ಆದದ್ದೇ ಅಲ್ವಾ.

ಫ್ಲೈ ಫಿಶಿಂಗ್ ಕಲಿಯುವಾಗ ಹೆಚ್ಚಿನವರಿಗೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ರಾಡಿಗೆ ಖರ್ಚು ಮಾಡು, ಲೈನಿಗೆ ಖರ್ಚು ಮಾಡು, ರೀಲು ಲೈನ್ ಸುತ್ತಿಡಲು ಮಾತ್ರ. ನಾನೂ ಅದನ್ನು ನಂಬಿದ್ದೆ. ಪೂರ್ತಿ ಸುಳ್ಳೂ ಅಲ್ಲ. ಬೇರೆ ಗಾಳಗಳಲ್ಲಿ ಎಸೆಯುವಾಗ ರೀಲು ದಾರ ಬಿಡಬೇಕು. ಫ್ಲೈ ಎಸೆಯುವಾಗ ರೀಲು ತಿರುಗುವುದೇ ಇಲ್ಲ. ಇಲ್ಲಿ ದೂರ ಹೋಗುವುದು ಲೈನಿನ ತೂಕದಿಂದ. ಆ ತೂಕಕ್ಕೆ ತಕ್ಕಂತೆ ಲೈನಿಗೆ ನಂಬರ್ ಇರುತ್ತದೆ. ನನ್ನದು 5 ವೇಟ್ ಲೈನ್, ಅದರ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. ಅಂಗೈ ಉದ್ದದ ಮೀನು ಬಿದ್ದರೆ ಎಡಗೈಯಲ್ಲಿ ಲೈನ್ ಎಳೆದುಕೊಂಡರೆ ಸಾಕು. ಎರಡು ವರ್ಷ ನಾನು ಹಿಡಿದದ್ದೆಲ್ಲ ಅಂಥ ಮೀನುಗಳೇ. ಹಾಗಾಗಿ ನನ್ನ ರೀಲು ಹೇಗಿದೆ ಅಂತ ನನಗೇ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ರೀಲು ಹಿಡಿದುಕೊಂಡು, ನನಗೆ ಎಸೆಯಲು ಕಲಿಸಿದ ಹಿರಿಯರ ಮನೆಗೆ ಹೋದೆ. ನಡೆದದ್ದನ್ನು ಹೇಳಿದೆ. ಅವರು ಮೀನಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಮೊದಲು ತಡವರಿಸ್ತು ಅಂದ್ಯಲ್ಲ, ಎಷ್ಟು ಹೊತ್ತು?" ಅಂದರು. "ಒಂದು ಕ್ಷಣ ಅಷ್ಟೇ" ಅಂದೆ. "ಅಷ್ಟು ಸಾಕು" ಅಂತ ಹೇಳಿ ಒಳಗಿನಿಂದ ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ತಂದರು. ಜೊತೆಗೆ ತಮ್ಮ ಎರಡು ರೀಲು.

ಆ ಮೇಜಿನ ಮೇಲೆ ಕಳೆದ ಎರಡು ಗಂಟೆಯಲ್ಲಿ ನಾನು ಕಲಿತಷ್ಟು ಎರಡು ವರ್ಷದಲ್ಲಿ ಕಲಿತಿರಲಿಲ್ಲ.

ಮೊದಲು ನನ್ನ ರೀಲು. ದಾರ ಸುತ್ತಿರುವ ಸ್ಪೂಲ್ ಸಲೀಸಾಗಿ ತಿರುಗದಂತೆ ಹಿಡಿಯುವ ಬ್ರೇಕಿಗೆ ಡ್ರ್ಯಾಗ್ ಅನ್ನುತ್ತಾರೆ. ಅದರ ಗುಂಡಿಯನ್ನು ಹಿಂದಿನ ಸಂಜೆ ಇದ್ದ ಹಾಗೇ ಬಿಟ್ಟಿದ್ದೆ. ಲೈನಿನ ತುದಿಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ನಿಧಾನವಾಗಿ ಎಳೆದೆ. ಸ್ಪೂಲ್ ತಿರುಗುತ್ತಿರುವಾಗ ಮುಳ್ಳು 400 ಗ್ರಾಂ ಹತ್ತಿರ ಇತ್ತು. ಟಿಪ್ಪೆಟ್ ತಾಳುವ ಶಕ್ತಿಯ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಡ್ರ್ಯಾಗ್ ಇಡಬೇಕು ಅಂತ ಹೇಳುತ್ತಾರೆ. ನನ್ನದು 5ಎಕ್ಸ್ ಟಿಪ್ಪೆಟ್, ದಪ್ಪ 0.15 ಮಿಲಿಮೀಟರ್, ಹೆಚ್ಚುಕಡಿಮೆ 2 ಕಿಲೋ ತಾಳುವಂಥದ್ದು. ಹಾಗಾದರೆ 400 ಸರಿಯಾಗೇ ಇದೆ, ಇನ್ನೂ ಕಡಿಮೆಯೇ ಇದೆ.

"ನಿಲ್ಲಿಸು. ಈಗ ನಿಂತ ಸ್ಪೂಲಿಂದ ಎಳಿ. ಮುಳ್ಳನ್ನೇ ನೋಡ್ತಿರು" ಅಂದರು.

ಎಳೆದೆ. ಮುಳ್ಳು 400 ದಾಟಿತು, ಸ್ಪೂಲ್ ಅಲುಗಲಿಲ್ಲ. 600 ದಾಟಿತು. 900ಕ್ಕೆ ಬಂದಾಗ ಟಕ್ ಅಂತ ಬಿಟ್ಟುಕೊಂಡು ಮುಳ್ಳು ಮತ್ತೆ 400ಕ್ಕೆ ಬಿತ್ತು. ಐದಾರು ಸಲ ಮಾಡಿದೆ. ಪ್ರತಿ ಸಲವೂ ಹಾಗೇ. ಹೊರಡುವಾಗಿನ ಹಿಡಿತ, ಓಡುವಾಗಿನ ಹಿಡಿತಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಹಿಂದಿನ ಸಂಜೆ ರಾಡಿನ ತುದಿ ಕುಣಿದದ್ದು ಇದಕ್ಕೇ.

ಆದರೂ ಲೆಕ್ಕ ಕೂಡಲಿಲ್ಲ. 900 ಗ್ರಾಂಗೆ 2 ಕಿಲೋ ತಾಳುವ ದಾರ ಯಾಕೆ ಹರಿಯಬೇಕು? ಕೇಳಿದೆ. ಅವರು ಉತ್ತರ ಕೊಡದೆ, ಲೈನ್ ಪೂರ್ತಿ ಬಿಚ್ಚಿ ನೆಲದ ಮೇಲೆ ಬಿಡು ಅಂದರು. ಬ್ಯಾಕಿಂಗ್ ದಾರವೂ ಅರ್ಧಕ್ಕಿಂತ ಜಾಸ್ತಿ ಹೊರಗೆ ಬಂತು. ಒಳಗೆ ಉಳಿದದ್ದು ತೆಳ್ಳಗೆ ಒಂದಿಷ್ಟು. ತಕ್ಕಡಿಯನ್ನು ಆ ದಾರಕ್ಕೆ ಕಟ್ಟಿ ಎಳೆದೆ. ಗುಂಡಿ ಮುಟ್ಟಿರಲಿಲ್ಲ. ಆದರೂ ಮುಳ್ಳು ಓಡುವಾಗಲೇ 800 ತೋರಿಸಿತು. ನಿಂತಲ್ಲಿಂದ ಹೊರಡಲು 1,800.

ಕಾರಣ ತುಂಬ ಸರಳ. ಬಾಗಿಲನ್ನು ಅಂಚಿನಲ್ಲಿ ತಳ್ಳಿದರೆ ಸಲೀಸಾಗಿ ತೆರೆಯುತ್ತದೆ, ಕೀಲಿನ ಪಕ್ಕದಲ್ಲಿ ತಳ್ಳಿದರೆ ಮೈಯೆಲ್ಲ ಬಲ ಹಾಕಬೇಕು. ಸ್ಪೂಲೂ ಹಾಗೇ. ಡ್ರ್ಯಾಗ್ ಅಚ್ಚನ್ನು ಹಿಡಿಯುವ ಬಲ ಒಂದೇ ಇರುತ್ತದೆ. ದಾರದ ಸುತ್ತು ದೊಡ್ಡದಿದ್ದಾಗ ಎಳೆಯುವುದು ಸುಲಭ, ಸುತ್ತು ಸಣ್ಣದಾದಂತೆ ಕಷ್ಟ. ನನ್ನ ರೀಲಿನಲ್ಲಿ ಲೈನ್ ತುಂಬಿದಾಗ ಸುತ್ತಿನ ಅಡ್ಡಳತೆ 6 ಸೆಂಟಿಮೀಟರ್. ಬ್ಯಾಕಿಂಗ್ ಕೊನೆಗೆ ಬರುವಾಗ 3. ಅಳತೆ ಅರ್ಧವಾಯಿತು, ಎಳೆತ ಎರಡು ಪಟ್ಟಾಯಿತು. ಅದರ ಮೇಲೆ ಹರಿಯುವ ನೀರು ಅಷ್ಟುದ್ದದ ಲೈನನ್ನು ಜಗ್ಗುವ ಭಾರ. ಅದರ ಮೇಲೆ ಗಂಟು ಹಾಕಿದಲ್ಲಿ ದಾರ ಕಳೆದುಕೊಳ್ಳುವ ಶಕ್ತಿ. ನನ್ನ ಮೀನು ನಿಂತು, ಎರಡನೇ ಸಲ ಹೊರಟ ಗಳಿಗೆಯಲ್ಲೇ ದಾರ ಹರಿದದ್ದು. ತಕ್ಕಡಿಯ ಮುಳ್ಳು ಅದನ್ನೇ ತೋರಿಸುತ್ತಿತ್ತು.

ಇದರಲ್ಲಿ ನನ್ನ ಕೈವಾಡವೂ ಇತ್ತು. ಬ್ಯಾಕಿಂಗ್ ಯಾಕೆ ಬೇಕು, ಅಷ್ಟು ದೂರ ಓಡುವ ಮೀನು ಇಲ್ಲಿ ಎಲ್ಲಿದೆ ಅಂತ ಬರೀ ಮೂವತ್ತು ಮೀಟರ್‌ನಷ್ಟು ಸುತ್ತಿದ್ದೆ. ಬ್ಯಾಕಿಂಗ್ ಉದ್ದಕ್ಕೆ ಮಾತ್ರ ಅಲ್ಲ, ಸ್ಪೂಲಿನ ತಳ ತುಂಬಿಸಿ ಸುತ್ತನ್ನು ದೊಡ್ಡದಾಗಿಡುವುದಕ್ಕೂ ಬೇಕು. ಇನ್ನೊಂದು, ಎರಡು ವರ್ಷ ಡ್ರ್ಯಾಗನ್ನು ಬಿಗಿ ಮಾಡಿದ ಹಾಗೇ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಬಿಚ್ಚಿ ನೋಡಿದರೆ ಒಳಗಿನ ವಾಷರ್ ಒತ್ತಿ ಒತ್ತಿ ಹೊಳಪು ಬಂದಿತ್ತು. ಗ್ರೀಸ್ ಒಣಗಿ ಅಂಟಿನ ಹಾಗಾಗಿತ್ತು. ಒರೆಸಿ, ಹೊಸ ಗ್ರೀಸ್ ಸವರಿ ಮತ್ತೆ ಅಳೆದೆವು. ಹೊರಡುವ ಹಿಡಿತ 900ರಿಂದ 600ಕ್ಕೆ ಇಳಿಯಿತು. ಅದಕ್ಕಿಂತ ಕೆಳಗೆ ಬರಲಿಲ್ಲ.

ಅವರ ಮೊದಲನೆಯ ರೀಲು ಹಳೇ ಥರದ್ದು, ಕ್ಲಿಕ್ ರೀಲು. ಒಳಗೆ ಒಂದು ಹಲ್ಲುಗಾಲಿ, ಅದಕ್ಕೆ ಸ್ಪ್ರಿಂಗ್ ಒತ್ತಿ ಹಿಡಿದ ಒಂದು ಸಣ್ಣ, ಮೂರು ಮೂಲೆಯ ಲೋಹದ ತುಂಡು. ಅಷ್ಟೇ ಇರುವುದು. ತಿರುಗಿದರೆ ಕರ್ರ್ ಅಂತ ಸದ್ದು. ತಕ್ಕಡಿಯಲ್ಲಿ 150 ಗ್ರಾಂ ಕೂಡ ಇಲ್ಲ. ಆದರೆ ತಡವರಿಕೆಯೂ ಇಲ್ಲ. ಇದರ ಹಿಡಿತ ಇರುವುದು ಸ್ಪೂಲು ಜಾಸ್ತಿ ತಿರುಗಿ ದಾರ ಸಿಕ್ಕಾಗದಿರಲಿ ಅಂತ. ಮೀನನ್ನು ತಡೆಯುವುದು ಅಂಗೈ. ಸ್ಪೂಲಿನ ಅಂಚು ಹೊರಗಿರುತ್ತದೆ, ಅದಕ್ಕೆ ಅಂಗೈ ಮೆಲ್ಲಗೆ ಒತ್ತಬೇಕು. ಫ್ಲೈ ರೀಲುಗಳ ಕಥೆ ಹಳೆಯದು. ಇಂಗ್ಲೆಂಡಿನ ಹಾರ್ಡಿ ಪರ್ಫೆಕ್ಟ್ 1891ರಲ್ಲಿ ಬಂತು, ಅದರ ಹಿಂದೆ 1874ರಲ್ಲಿ ಅಮೆರಿಕದ ಚಾರ್ಲ್ಸ್ ಆರ್ವಿಸ್ ಬದಿಗಳಲ್ಲಿ ತೂತುಗಳಿರುವ ಅಗಲ ಕಡಿಮೆಯ ರೀಲಿಗೆ ಪೇಟೆಂಟ್ ತೆಗೆದುಕೊಂಡಿದ್ದರು. ತೂತು ಇದ್ದರೆ ರೀಲು ಹಗುರ, ಒದ್ದೆ ಲೈನೂ ಬೇಗ ಒಣಗುತ್ತದೆ. ಇವತ್ತಿನ ರೀಲುಗಳ ಮೈತುಂಬ ಇರುವ ತೂತು ನೋಡಿದಾಗೆಲ್ಲ ನನಗೆ ಅದು ನೆನಪಾಗುತ್ತದೆ.

ಹಿರಿಯರಿಗೆ ಆ ಕ್ಲಿಕ್ ರೀಲು ಅಂದರೆ ಪ್ರಾಣ. ನಲವತ್ತು ವರ್ಷದ ಅಂಗೈ ಅವರದು. ನನ್ನ ಕೈಗೆ ಆ ಅಂದಾಜು ಇನ್ನೂ ಬಂದಿಲ್ಲ. ಸಣ್ಣ ತೊರೆಗೆ ಹೋಗುವುದಾದರೆ ಕಣ್ಣು ಮುಚ್ಚಿ ಅದನ್ನೇ ಆರಿಸುತ್ತಿದ್ದೆ. ಹಗುರ, ಕೆಡಲು ಏನೂ ಇಲ್ಲ, ಸದ್ದೂ ಚೆಂದ.

ಎರಡನೆಯದು ಲಾರ್ಜ್ ಆರ್ಬರ್, ಅಂದರೆ ಸ್ಪೂಲಿನ ನಡುವಿನ ದಿಂಡೇ ದಪ್ಪ. ಒಳಗೆ ಮುಚ್ಚಿದ ಡಿಸ್ಕ್ ಡ್ರ್ಯಾಗ್, ನೀರು ಮರಳು ಒಳಗೆ ಹೋಗದಂತೆ ಸೀಲ್ ಮಾಡಿದ್ದು. ಓಡುವಾಗ 400 ಬರುವಂತೆ ಗುಂಡಿ ತಿರುಗಿಸಿದೆ. ನಿಂತಲ್ಲಿಂದ ಎಳೆದೆ. ಮುಳ್ಳು 430ಕ್ಕೆ ಹೋಗಿ ಹಿಂದೆ ಬಂತು, ಟಕ್ ಅನ್ನಲೇ ಇಲ್ಲ. ಲೈನ್ ಪೂರ್ತಿ ಬಿಚ್ಚಿದರೂ ಸುತ್ತಿನ ಅಡ್ಡಳತೆ 8 ಸೆಂಟಿಮೀಟರಿನಿಂದ 7ಕ್ಕೆ ಇಳಿದಿತ್ತು ಅಷ್ಟೆ. ಎಳೆತ 460ರ ಆಸುಪಾಸು. ಹಿಡಿ ಒಂದು ಸುತ್ತು ತಿರುಗಿಸಿದರೆ ಸುಮಾರು 25 ಸೆಂಟಿಮೀಟರ್ ಲೈನ್ ಒಳಗೆ ಬರುತ್ತದೆ. ನನ್ನ ಹಳೆಯದರಲ್ಲಿ ತುಂಬಿದಾಗ 19, ಕೊನೆಯಲ್ಲಿ ಒಂಬತ್ತೂವರೆ. ಮೀನು ತಟ್ಟನೆ ನಮ್ಮ ಕಡೆಗೇ ಓಡಿ ಬಂದಾಗ ಲೈನ್ ಸಡಿಲವಾಗದಂತೆ ಸುತ್ತಬೇಕಲ್ಲ, ಅಲ್ಲಿ ಈ ವ್ಯತ್ಯಾಸ ತುಂಬ ದೊಡ್ಡದು. ಇನ್ನೊಂದು ಲಾಭವೂ ಇದೆ. ದೊಡ್ಡ ಸುತ್ತಿನಲ್ಲಿ ಕೂತ ಲೈನ್ ಹೊರಗೆ ಬಂದಾಗ ಸ್ಪ್ರಿಂಗಿನ ಹಾಗೆ ಸುರುಳಿ ಸುರುಳಿಯಾಗಿ ಇರುವುದಿಲ್ಲ.

ನಾನು ಆ ಥರದ್ದನ್ನೇ ತೆಗೆದುಕೊಂಡೆ. ಆರಿಸುವಾಗ ನಾಲ್ಕೈದು ರೀಲು ಕೈಗೆ ತೆಗೆದುಕೊಂಡು ನೋಡಿದೆ. ಹಿಡಿಯನ್ನು ಗಿರ್ರನೆ ತಿರುಗಿಸಿ ನುಣುಪಾಗಿದೆಯಾ ಅಂತ ನೋಡುವುದು ಎಲ್ಲರ ರೂಢಿ. ನಾನು ಅದನ್ನು ಬಿಟ್ಟೆ. ಪ್ರತಿಯೊಂದಕ್ಕೂ ಒಂದು ತುಂಡು ದಾರ ಸುತ್ತಿ, ನಿಂತ ಸ್ಪೂಲಿನಿಂದ ಮೆಲ್ಲಗೆ ಎಳೆದು ನೋಡಿದೆ. ಕಣ್ಣು ಮುಚ್ಚಿ ಮಾಡಿದರೆ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ನೋಡಲು ತುಂಬ ಚೆಂದವಿದ್ದ ಒಂದು ರೀಲು ಅಲ್ಲೇ ತಡವರಿಸಿತು. ಸ್ಪೂಲಿಗೂ ಚೌಕಟ್ಟಿಗೂ ನಡುವಿನ ಸಂದಿಯನ್ನು ಟಿಪ್ಪೆಟ್ ತೂರಿಸಿ ನೋಡಿದೆ. ಸಂದಿ ಜಾಸ್ತಿ ಇದ್ದರೆ ತೆಳ್ಳಗಿನ ದಾರ ಅದರೊಳಗೆ ನುಗ್ಗಿ ಸಿಕ್ಕಿಕೊಳ್ಳುತ್ತದೆ.

ರಾಡಿಗೂ ರೀಲಿಗೂ ತೂಕ ಸರಿಹೊಂದಬೇಕು, ಹಿಡಿಕೆಯ ಮೇಲೆ ಬೆರಳಿಟ್ಟರೆ ತಕ್ಕಡಿಯ ಹಾಗೆ ನಿಲ್ಲಬೇಕು ಅನ್ನುತ್ತಾರೆ. ಹೊಸ ರೀಲು ಹಳೆಯದಕ್ಕಿಂತ ಇಪ್ಪತ್ತು ಗ್ರಾಂ ಭಾರ. ದಿನವಿಡೀ ಎಸೆದೆ, ಕೈಗೆ ಏನೂ ಅನ್ನಿಸಲಿಲ್ಲ. ಈ ತೂಕದ ವಿಷಯಕ್ಕೆ ಜನ ಕೊಡುವ ಬೆಲೆ ಸ್ವಲ್ಪ ಜಾಸ್ತಿಯಾಯಿತು ಅಂತ ನನಗೆ ಅನ್ನಿಸುತ್ತದೆ. 5 ವೇಟ್ ಲೈನ್ ಹಿಡಿಸುವ ಅಳತೆಯ ರೀಲು ಆದರೆ ತೂಕ ತಾನಾಗೇ ಹತ್ತಿರಕ್ಕೆ ಬಂದಿರುತ್ತದೆ.

ರೀಲು ಬಲಗೈಯಲ್ಲಿ ಸುತ್ತುವಂತೆ ಜೋಡಿಸಿ ಬಂದಿತ್ತು. ನಾನು ಬಲಗೈಯಲ್ಲಿ ಎಸೆಯುವವನು, ಎಡಗೈಯಲ್ಲಿ ಸುತ್ತುವವನು. ಒಂದೇ ಕಡೆ ತಿರುಗುವ ಬೇರಿಂಗನ್ನು ತೆಗೆದು ತಿರುಗಿಸಿ ಹಾಕಿದರೆ ಮುಗಿಯಿತು. ಬ್ಯಾಕಿಂಗ್ ಸುತ್ತುವಾಗ ದಾರವನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ, ಅಡ್ಡಡ್ಡ ಹಂಚಿ ಸುತ್ತಿದೆ. ಸಡಿಲ ಸುತ್ತಿದರೆ ಮೀನು ಎಳೆದಾಗ ಮೇಲಿನ ದಾರ ಒಳಗಿನದರಲ್ಲಿ ಹೂತು ಕಚ್ಚಿಕೊಳ್ಳುತ್ತದೆ. ಲೈನ್ ಪೂರ್ತಿ ಸುತ್ತಿದ ಮೇಲೆ ಚೌಕಟ್ಟಿಗೆ ಉಜ್ಜದ ಹಾಗೆ ನಾಲ್ಕೈದು ಮಿಲಿಮೀಟರ್ ಜಾಗ ಬಿಟ್ಟೆ.

ಎರಡು ವಾರ ಬಿಟ್ಟು ಅದೇ ಮಡುವಿಗೆ ಹೋದೆ. ಮೂರು ಸಣ್ಣ ಮೀನು ಬಂದವು. ಮೂರನ್ನೂ ಕೈಯಲ್ಲೇ ಎಳೆದುಕೊಂಡೆ, ರೀಲು ಅಲುಗಲೂ ಇಲ್ಲ. ನಾಲ್ಕನೆಯದು ಮಧ್ಯಮ ಗಾತ್ರದ್ದು. ಬಂಡೆಯ ಹತ್ತಿರ ಕಚ್ಚಿ ಹತ್ತು ಮೀಟರ್ ಓಡಿತು. ಸಡಿಲ ಲೈನ್ ಮುಗಿದು ರೀಲಿಗೆ ಬಂದ ಗಳಿಗೆಯಲ್ಲಿ ನಾನು ನೋಡುತ್ತಿದ್ದದ್ದು ಮೀನನ್ನಲ್ಲ, ರಾಡಿನ ತುದಿಯನ್ನು. ಅದು ಬಾಗಿದ್ದು ಬಾಗಿದ ಹಾಗೇ ಇತ್ತು, ಕುಣಿಯಲಿಲ್ಲ. ಸ್ಪೂಲ್ ಯಾವಾಗ ಹೊರಟಿತು ಅಂತಲೇ ಗೊತ್ತಾಗಲಿಲ್ಲ.

ಮೀನನ್ನು ನೀರಲ್ಲೇ ಹರಿವಿಗೆ ಮುಖ ಮಾಡಿ ಹಿಡಿದೆ. ಕಿವಿರು ನಾಲ್ಕು ಸಲ ಬಿಚ್ಚಿ ಮುಚ್ಚಿತು. ಕೊಕ್ಕೆ ಬೆರಳಿಂದ ಸ್ವಲ್ಪ ಒತ್ತಿದ್ದಕ್ಕೇ ಕಳಚಿತು, ಅದು ಹೊರಟುಹೋಯಿತು. ದೊಡ್ಡದು ಅವತ್ತು ಕಾಣಲಿಲ್ಲ. ಮನೆಗೆ ಬಂದು ರೀಲನ್ನು ಸಿಹಿನೀರಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಡ್ರ್ಯಾಗ್ ಗುಂಡಿಯನ್ನು ಪೂರ್ತಿ ಸಡಿಲ ಮಾಡಿ ಇಟ್ಟೆ.