ಒಳ್ಳೆ ನಂಬರ್ ಬಂದ ದಿನವೇ ಜಾಸ್ತಿ ಪ್ರಶ್ನೆ ಕೇಳಬೇಕು

ಕ್ಯಾನ್ಸರ್ ಗಡ್ಡೆಯ ಕೋಶಗಳು ಅಯೋಡಿನ್ ಹೀರಿಕೊಳ್ಳುವ ಹಾಗೆ ಮಾಡುವುದು. ನನ್ನ ಪಿಎಚ್‌ಡಿ ಕೆಲಸವನ್ನು ಒಂದೇ ಸಾಲಿನಲ್ಲಿ ಹೇಳಿದರೆ ಇಷ್ಟು.

ಥೈರಾಯ್ಡ್ ಕೋಶಗಳಲ್ಲಿ ಎನ್‌ಐಎಸ್ ಅನ್ನೋ ಪ್ರೋಟೀನ್ ಇರುತ್ತದೆ. ಅದು ರಕ್ತದಲ್ಲಿರುವ ಅಯೋಡಿನ್ ಅನ್ನು ಒಳಗೆ ಎಳೆದುಕೊಳ್ಳುತ್ತದೆ. 1940ರ ದಶಕದಿಂದಲೂ ಥೈರಾಯ್ಡ್ ಕ್ಯಾನ್ಸರ್‌ಗೆ ವಿಕಿರಣ ಸೂಸುವ ಅಯೋಡಿನ್ ಕೊಡುತ್ತಿರುವುದು ಈ ಗುಣವನ್ನು ನಂಬಿಯೇ. ಬೇರೆ ಬಹುಪಾಲು ಗಡ್ಡೆಗಳಿಗೆ ಈ ಶಕ್ತಿ ಇಲ್ಲ. 1996ರಲ್ಲಿ ಎನ್‌ಐಎಸ್ ಜೀನ್ ಪತ್ತೆಯಾಯಿತು. ಅದನ್ನು ಒಂದು ವೈರಸ್ಸಿಗೆ ಸೇರಿಸಿ ಗಡ್ಡೆಗೆ ಕಳಿಸಿ, ಆಮೇಲೆ ವಿಕಿರಣ ಸೂಸುವ ಅಯೋಡಿನ್-131 ಕೊಟ್ಟರೆ ಹೇಗೆ ಅನ್ನುವ ದಾರಿ ತೆರೆದದ್ದು ಅಲ್ಲಿಂದ. ನಾವು ಬಳಸುವುದು ದಡಾರದ ಲಸಿಕೆಯ ವೈರಸ್. ಅದು ಕೋಶದೊಳಗೆ ಹೋಗುವುದು ಸಿಡಿ46 ಅನ್ನೋ ಪ್ರೋಟೀನ್ ಹಿಡಿದು, ಎಷ್ಟೋ ಬಗೆಯ ಕ್ಯಾನ್ಸರ್ ಕೋಶಗಳ ಮೇಲೆ ಈ ಪ್ರೋಟೀನ್ ಜಾಸ್ತಿ ಇರುತ್ತದೆ. ಅಯೋಡಿನ್-131ರ ಬೀಟಾ ಕಣಗಳು ಹೆಚ್ಚೆಂದರೆ ಸುಮಾರು 2 ಮಿಲಿಮೀಟರ್ ಹೋಗುತ್ತವೆ. ವೈರಸ್ ತಲುಪದ ಪಕ್ಕದ ಕ್ಯಾನ್ಸರ್ ಕೋಶಕ್ಕೂ ಏಟು ಬೀಳುತ್ತದೆ. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾಗುವ ಭಾಗ ಇದು.

ಈಗ ಕೆಲಸದ ಪಾಠಕ್ಕೆ ಬರುತ್ತೇನೆ. ವೈರಸ್ ಹಾಕಿದ ಕೋಶಗಳಿಗೆ ವಿಕಿರಣದ ಅಯೋಡಿನ್ ಸೇರಿಸಿ, ಸ್ವಲ್ಪ ಹೊತ್ತು ಬಿಟ್ಟು, ತಣ್ಣನೆಯ ದ್ರಾವಣದಲ್ಲಿ ಬೇಗಬೇಗ ತೊಳೆದು, ಉಳಿದ ವಿಕಿರಣವನ್ನು ಗಾಮಾ ಕೌಂಟರಿನಲ್ಲಿ ಎಣಿಸುತ್ತೇವೆ. ನಂಬರ್ ಮೇಲೆ ಹೋದರೆ ಖುಷಿ. ಆದರೆ ನಮ್ಮ ಲ್ಯಾಬಿನ ಸೀನಿಯರ್ ಅಕ್ಕ ಆ ನಂಬರ್ ನೋಡುವುದೇ ಇಲ್ಲ. ಮೊದಲು ಕೇಳುವುದು, "ಪರ್ಕ್ಲೋರೇಟ್ ಹಾಕಿದ್ದು ಎಲ್ಲಿ? ತೋರಿಸು." ಪರ್ಕ್ಲೋರೇಟ್ ಎನ್‌ಐಎಸ್‌ನ ದಾರಿಯನ್ನು ತಡೆಯುತ್ತದೆ. ಅದನ್ನು ಹಾಕಿದ ಕೋಶಗಳಲ್ಲಿ ನಂಬರ್ ಬಿದ್ದುಹೋದರೆ, ಅಯೋಡಿನ್ ಒಳಗೆ ಹೋದದ್ದು ಎನ್‌ಐಎಸ್‌ನ ದಾರಿಯಿಂದಲೇ ಅಂತ ಅರ್ಥ. ಬೀಳದಿದ್ದರೆ ಅದು ಕೋಶ ಬೆಳೆಸುವ ಪ್ಲೇಟಿಗೆ ಅಂಟಿಕೊಂಡದ್ದೋ, ಸರಿಯಾಗಿ ತೊಳೆಯದೆ ಉಳಿದದ್ದೋ ಇರಬಹುದು. ಊರಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆದ ಅಡಿಕೆ ಮರ ಚೆನ್ನಾಗಿದೆ ಅಂದರೆ, ಹೊಡೆಯದ ಮರ ಹೇಗಿದೆ ಅಂತ ಕೇಳ್ತೀವಿ ಅಲ್ವಾ, ಹಾಗೇ. ಎನ್‌ಐಎಸ್ ಜೀನ್ ಇಲ್ಲದ ವೈರಸ್ ಹಾಕಿದ ಒಂದು ಸಾಲು, ವೈರಸ್ಸೇ ಹಾಕದ ಒಂದು ಸಾಲು, ಪರ್ಕ್ಲೋರೇಟಿನ ಒಂದು ಸಾಲು. ಇವು ಮೂರೂ ಇಲ್ಲದ ಫಲಿತಾಂಶವನ್ನು ನಮ್ಮ ಲ್ಯಾಬಿನಲ್ಲಿ ಯಾರೂ ಚರ್ಚೆಗೆ ತರುವುದಿಲ್ಲ. ಇದು ಬರೀ ಶಿಸ್ತಿನ ಮಾತಲ್ಲ, ಮುಂದೆ ಇದೇ ನಂಬರ್ ನಂಬಿ ಒಬ್ಬ ರೋಗಿಯ ಮೈಗೆ ವಿಕಿರಣ ಕೊಡುತ್ತಾರೆ.

ಇನ್ನೊಂದು ಕಷ್ಟ ಸಮಯದ್ದು. ವೈರಸ್ ಗಡ್ಡೆಯೊಳಗೆ ಹರಡಬೇಕು, ಆದರೆ ಅಯೋಡಿನ್ ಬರುವ ಮೊದಲೇ ಕೋಶಗಳನ್ನು ಕೊಂದುಬಿಟ್ಟರೆ ಹೀರಿಕೊಳ್ಳುವವರೇ ಇರುವುದಿಲ್ಲ. ಥೈರಾಯ್ಡ್ ತನ್ನ ಅಯೋಡಿನ್ ಅನ್ನು ಹಾರ್ಮೋನಿಗೆ ಕಟ್ಟಿ ಇಟ್ಟುಕೊಳ್ಳುತ್ತದೆ. ಗಡ್ಡೆಗೆ ಹಾಗೆ ಕಟ್ಟಿಡಲು ಬರಲ್ಲ, ಒಳಗೆ ಬಂದ ಅಯೋಡಿನ್ ಸೋರಿ ಹೋಗುತ್ತದೆ.

ಅಡಿಕೆ ಕೊಯ್ಲಿನ ಹೊತ್ತಿಗೆ ಸಾಗರದ ಹತ್ತಿರದ ನಮ್ಮೂರಿಗೆ ಹೋದಾಗ, ಸುಲಿಯೋಕೆ ಕೂತವರೆಲ್ಲ ನನ್ನ ಕೆಲಸದ ಬಗ್ಗೆಯೇ ಕೇಳಿದರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಗೊತ್ತಾದಾಗಿನಿಂದ ಈ ಭಾಗದವರಿಗೆ ವೈರಸ್ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. "ಅಲ್ಲ ಮಾರಾಯ್ತಿ, ಅದು ಗಡ್ಡೆಗೇ ಹೋಯ್ತು ಅಂತ ನಿಂಗೆ ಹೆಂಗೆ ಗೊತ್ತಾಗ್ತದೆ?" ಅಂದರು ದೊಡ್ಡಪ್ಪ. ಅಕ್ಕ ಕೇಳುವ ಪ್ರಶ್ನೆಯೇ! ಎನ್‌ಐಎಸ್ ಇರುವ ಜಾಗ ಗಾಮಾ ಕ್ಯಾಮೆರಾದಲ್ಲಿ ಕಾಣುತ್ತದೆ ಅಂದೆ. ಥೈರಾಯ್ಡ್, ಜೊಲ್ಲಿನ ಗ್ರಂಥಿ, ಹೊಟ್ಟೆ ಕೂಡ ಕಾಣುತ್ತವೆ, ಅವುಗಳಲ್ಲೂ ಎನ್‌ಐಎಸ್ ಇದೆ, ಅದನ್ನೂ ಮುಚ್ಚಿಡದೆ ಹೇಳಿದೆ. ಥೈರಾಯ್ಡ್ ಹಾರ್ಮೋನಿನ ಮಾತ್ರೆ ಕೊಟ್ಟು ಗ್ರಂಥಿಯ ಹೀರುವಿಕೆ ತಗ್ಗಿಸಬಹುದು. ವೈರಸ್ ತಂದ ಜೀನಿಗೆ ಆ ಕಡಿವಾಣ ತಾಗುವುದಿಲ್ಲ.

ಈ ಚಿಕಿತ್ಸೆ ಎಲ್ಲಿ ಸಿಗುತ್ತದೆ ಅಂತಲೂ ಕೇಳಿದರು. ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ, ಇನ್ನೂ ಪ್ರಯೋಗದ ಹಂತ. ಸುಮ್ನೆ ಆಸೆ ಹುಟ್ಟಿಸಲು ನನಗೆ ಮನಸ್ಸಿಲ್ಲ.

ಆಮೇಲೆ ದೊಡ್ಡಪ್ಪ, "ನಮಗೆಲ್ಲ ಸಣ್ಣವರಿದ್ದಾಗಲೇ ದಡಾರ ಬಂದು ಹೋಗಿದೆ. ನಿನ್ನ ವೈರಸ್ ನಮ್ಮ ಮೈಯಲ್ಲಿ ಉಳೀತದಾ?" ಅಂದರು. ಈ ಕ್ಷೇತ್ರದ ದೊಡ್ಡ ತೊಡಕೇ ಅದು. ರಕ್ತದಲ್ಲಿ ದಡಾರದ ವಿರುದ್ಧ ಹೋರಾಡುವ ಪ್ರತಿಕಾಯ ಇದ್ದರೆ ವೈರಸ್ ಗಡ್ಡೆ ತಲುಪುವ ಮೊದಲೇ ಮುಗಿಯುತ್ತದೆ. ಅದಕ್ಕೇ ಲ್ಯಾಬಿಗೆ ವಾಪಸ್ ಬಂದ ಮೇಲೆ ಪ್ಲೇಟಿಗೆ ಇನ್ನೊಂದು ಸಾಲು ಸೇರಿಸಿಕೊಂಡೆ, ದಡಾರದ ಪ್ರತಿಕಾಯ ಇರುವ ಸೀರಮ್ (ರಕ್ತದ ತಿಳಿ ದ್ರವ) ಹಾಕಿದ ಸಾಲು. ಈಗ ಅಕ್ಕ ಮೊದಲು ಆ ಸಾಲನ್ನೇ ಕೇಳುತ್ತಾರೆ.