ಸಿಲಿಕೇಟ್ ಕಡಿಮೆ ಮಾಡಿದ ದಿನ

ಒದ್ದೆ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿದೆ. ಸೂಜಿಯಿಂದ ಚುಚ್ಚಿದ ಹಾಗೆ ಅಲ್ಲಲ್ಲಿ ತೂತು. ಒಂದು ತೂತಿನ ಅಂಚನ್ನು ಎಳೆದರೆ ನೆನೆದ ಕಾಗದದ ಹಾಗೆ ಹರಿದು ಬಂತು. ಬೆಳಿಗ್ಗೆ ಹಾಕುವಾಗ ಗಟ್ಟಿಮುಟ್ಟಾಗಿದ್ದ ಹತ್ತಿ ಟವೆಲ್ ಬಟ್ಟೆ ಅದು. ಯಾರದೋ ಮಗ್ಗದ ವಾರದ ದುಡಿಮೆ. ನನಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು.

ಬನಹಟ್ಟಿಯ ಒಂದು ಸಣ್ಣ ಬ್ಲೀಚಿಂಗ್ ಘಟಕದಲ್ಲಿ ನಾನು ಕೆಲಸಕ್ಕೆ ಸೇರಿ ಆಗ ಆರು ತಿಂಗಳು. ಬಿಎಸ್ಸಿಯಲ್ಲಿ ಕೆಮಿಸ್ಟ್ರಿ ಓದಿದ್ದರಿಂದ ಯಾವ ಕ್ಯಾನಿನಿಂದ ಎಷ್ಟು ಸುರಿಯಬೇಕು ಅನ್ನುವ ಲೆಕ್ಕ ನನ್ನದೇ. ನೀರಿಗೆ ಸಿಲಿಕೇಟ್, ಕಾಸ್ಟಿಕ್ ಸೋಡಾ, ಕೊನೆಗೆ 50% ಹೈಡ್ರೋಜನ್ ಪೆರಾಕ್ಸೈಡ್. ಪಿಎಚ್, ಅಂದರೆ ಕ್ಷಾರ ಎಷ್ಟಿದೆ ಅನ್ನುವ ಅಳತೆ, 11ರ ಆಸುಪಾಸು, ಬಿಸಿ 90 ಡಿಗ್ರಿ. ಬಟ್ಟೆಯನ್ನು ಬೆಳ್ಳಗೆ ಮಾಡುವುದು ಪೆರಾಕ್ಸೈಡ್. ಹಾಗಾದರೆ ಬೆಲ್ಲದ ಪಾಕದಂತೆ ಮಂದವಾಗಿರುವ ಆ ಸಿಲಿಕೇಟ್ ಯಾಕೆ? ಪುಸ್ತಕದಲ್ಲಿ 'ಸ್ಟೆಬಿಲೈಸರ್', ಅಂದರೆ ಪೆರಾಕ್ಸೈಡ್ ಬೇಗ ಒಡೆಯದಂತೆ ತಡೆಯುವಂಥದ್ದು, ಅಂತ ಓದಿದ್ದೆ. ಓದಿದ್ದೆ ಅಷ್ಟೇ.

ಆ ವಾರ ಎರಡು ಬದಲಾವಣೆ ಒಟ್ಟಿಗೇ ಆಗಿದ್ದವು. ಬೇಸಿಗೆ, ಹೊಳೆ ನೀರು ನಿಂತಿತ್ತು. ಹೊಸ ಬೋರ್ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸಿ, ನೀರಿನ ಗಡಸು ತೆಗೆಯುವ ಸಾಫ್ಟ್‌ನರ್ ಮೂಲಕ ಇಳಿಸುತ್ತಿದ್ದೆವು. ಇನ್ನೊಂದು ನನ್ನ ನಿರ್ಧಾರ. ಟವೆಲ್ ಒರಟಾಗಿದೆ ಅಂತ ದೂರು ಬಂದಿತ್ತು. ಒರಟಿಗೆ ಸಿಲಿಕೇಟ್ ಕಾರಣ ಅಂತ ಗೊತ್ತಿತ್ತು. ಲೀಟರಿಗೆ 7 ಗ್ರಾಂ ಇದ್ದದ್ದನ್ನು 3ಕ್ಕೆ ಇಳಿಸಿದೆ.

ಅವತ್ತು 80 ಡಿಗ್ರಿ ದಾಟುವ ಮೊದಲೇ ನೀರು ನೊರೆ ಎಬ್ಬಿಸಿ ಉಕ್ಕಿತು. ಹಿರಿಯ ಕೆಲಸಗಾರರೊಬ್ಬರು 'ಇದು ಸರಿ ಇಲ್ರೀ' ಅಂದರು. ಒಂದಿಷ್ಟು ನೀರು ತೆಗೆದು, ಆಸಿಡ್ ಹಾಕಿ, ಪರ್ಮಾಂಗನೇಟ್ ಬಿಟ್ಟೆ. ಪೆರಾಕ್ಸೈಡ್ ಇದ್ದರೆ ಆ ನೇರಳೆ ಬಣ್ಣ ಮಾಯವಾಗುತ್ತಾ ಹೋಗಬೇಕು. ಮೊದಲ ಹನಿಗೇ ಬಣ್ಣ ನಿಂತುಬಿಟ್ಟಿತು. ಪೆರಾಕ್ಸೈಡ್ ಅಷ್ಟೂ ಖಾಲಿ! ಬಟ್ಟೆ ಮಾತ್ರ ಇನ್ನೂ ಹಳದಿ.

ತೂತಿನ ಸುತ್ತ ಒಂದು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಸಿಡ್, ಮೇಲೊಂದು ಹನಿ ಕಬ್ಬಿಣ ಇದ್ದರೆ ನೀಲಿಯಾಗುವ ಪೊಟ್ಯಾಸಿಯಂ ಫೆರೊಸಯನೈಡ್ ಹಾಕಿದೆ. ತೂತಿನ ಅಂಚಿಗೆ ಸರಿಯಾಗಿ ಕಡುನೀಲಿ ಉಂಗುರ ಮೂಡಿತು. ಕಬ್ಬಿಣ.

ಬೋರಿನಿಂದ ಬರುವಾಗ ಆ ನೀರು ತಿಳಿಯಾಗಿಯೇ ಇತ್ತು. ಟ್ಯಾಂಕಿನಲ್ಲಿ ಗಾಳಿ ತಾಗಿದ ಮೇಲೆ ಕರಗಿದ್ದ ಕಬ್ಬಿಣ ತುಕ್ಕಿನ ಕಣವಾಗಿತ್ತು. ಸಾಫ್ಟ್‌ನರ್ ಅದನ್ನು ಪೂರ್ತಿ ಹಿಡಿದಿರಲಿಲ್ಲ. ಆ ಕಣ ಬಟ್ಟೆಗೆ ಅಂಟಿದ ಜಾಗದಲ್ಲೆಲ್ಲ ಪೆರಾಕ್ಸೈಡ್ ಒಮ್ಮೆಲೇ ಒಡೆದು, ಬಣ್ಣದ ಬದಲು ಹತ್ತಿಯ ಎಳೆಯನ್ನೇ ಕಡಿದಿತ್ತು.

ಸಂಜೆ ಎಲ್ಲರೂ ಹೋದ ಮೇಲೆ ಬಿಸಿನೀರಿನ ತೊಟ್ಟಿಯಲ್ಲಿ ಮೂರು ಗಾಜಿನ ಬೀಕರ್ ಇಟ್ಟೆ. ಮೂರಕ್ಕೂ ಅದೇ ಟ್ಯಾಂಕಿನ, ಸಾಫ್ಟ್‌ನರ್ ದಾಟಿದ ನೀರು. ಮೊದಲನೆಯದಕ್ಕೆ ಕಾಸ್ಟಿಕ್, ಪೆರಾಕ್ಸೈಡ್ ಅಷ್ಟೇ. ಸೋಡಾ ಬಾಟಲಿ ತೆರೆದ ಹಾಗೆ ಗುಳ್ಳೆ. ಸ್ವಲ್ಪ ಹೊತ್ತಿಗೆ ಕಂದು ಚೂರುಗಳು ತಳಕ್ಕೆ ಇಳಿದವು. ಎರಡನೆಯದಕ್ಕೆ 7 ಗ್ರಾಂ ಲೆಕ್ಕದಲ್ಲಿ ಸಿಲಿಕೇಟ್. ಗುಳ್ಳೆ ಕಡಿಮೆಯಾಯಿತು, ನಿಲ್ಲಲಿಲ್ಲ. ಚೂರು ಕಟ್ಟಲಿಲ್ಲ, ನೀರು ತೆಳು ಹಳದಿಯಾಗಿ ಹಾಗೇ ಉಳಿಯಿತು. ಮೂರನೆಯದಕ್ಕೆ ಸಿಲಿಕೇಟಿಗೆ ಮೊದಲು ಒಂದು ಚಿಟಿಕೆ ಮೆಗ್ನೀಸಿಯಂ ಸಲ್ಫೇಟ್. ನಮ್ಮಲ್ಲಿ ಇರಲಿಲ್ಲ, ಕಬ್ಬಿಗೆ ಹಾಕೋದನ್ನೇ ಗೊಬ್ಬರದಂಗಡಿಯಿಂದ ತಂದಿದ್ದೆ. ಆ ಬೀಕರ್ ಶಾಂತವಾಗಿತ್ತು. ಗೋಡೆಗೆ ಅಂಟಿದ ನಾಲ್ಕಾರು ಸಣ್ಣ ಗುಳ್ಳೆ, ಅಷ್ಟೇ. ಎಷ್ಟು ಹೊತ್ತು ಅದನ್ನೇ ನೋಡುತ್ತಾ ನಿಂತೆನೋ!

ಕ್ಷಾರದ ನೀರಿನಲ್ಲಿ ಸಿಲಿಕೇಟ್ ಋಣ ವಿದ್ಯುದಂಶದ ತುಣುಕುಗಳಾಗಿ ಇರುತ್ತದೆ. ಸಿಲಿಕಾನ್, ಆಕ್ಸಿಜನ್ ಕೈಕೈ ಹಿಡಿದ ಸಣ್ಣ ಸರಪಳಿ, ಉಂಗುರಗಳು. ಲೋಹದ ಅಯಾನುಗಳು ಧನ, ಹಾಗಾಗಿ ಅವನ್ನು ಇವು ಹಿಡಿದುಕೊಳ್ಳುತ್ತವೆ. ತುಕ್ಕಿನ ಕಣದ ಮೈಗೂ ಹೊದಿಕೆಯಂತೆ ಅಂಟುತ್ತವೆ. ಆಗ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ, ಚೂರಾಗಿ ಕೂಡಲಾರವು. ಜೊತೆಗೆ ಮೆಗ್ನೀಸಿಯಂ ಇದ್ದರೆ ಕಣ್ಣಿಗೆ ಕಾಣದಷ್ಟು ಸಣ್ಣ ಮೆಗ್ನೀಸಿಯಂ ಸಿಲಿಕೇಟ್ ಕಣಗಳು ಹುಟ್ಟಿ, ಕಬ್ಬಿಣ, ತಾಮ್ರವನ್ನು ತಮ್ಮ ಮೈಮೇಲೆ ಎಳೆದುಕೊಳ್ಳುತ್ತವೆ. ನಾವು ಗಡಸು ನೀರು ಕೆಟ್ಟದ್ದು ಅಂತ ಸಾಫ್ಟ್‌ನರ್ ಹಾಕಿ, ಗಡಸಿನ ಜೊತೆಗೆ ಸಿಲಿಕೇಟಿನ ಜೊತೆಗಾರನಾದ ಈ ಮೆಗ್ನೀಸಿಯಂ ಅನ್ನೂ ಹೊರಗೆ ಹಾಕಿದ್ದೆವು. ಹಳೆಯ ಹೊಳೆ ನೀರಿನಲ್ಲಿ ಅದು ಸುಮ್ನೆ ಸಿಗುತ್ತಿತ್ತು, ಅಲ್ವಾ?

ಒರಟಿನ ದೂರು ಹಾಗೇ ಉಳಿದಿತ್ತು. ಅದಕ್ಕೂ ಉತ್ತರ ಸಿಲಿಕೇಟಿನ ಸ್ವಭಾವದಲ್ಲೇ ಇತ್ತು. ಪಿಎಚ್ ಇಳಿದರೆ ಅದು ಜೆಲ್ಲಿಯಂತೆ ಹೆಪ್ಪುಗಟ್ಟಿ ಎಳೆಯ ಮೇಲೆ ಕೂರುತ್ತದೆ. ನಾವು ಬ್ಲೀಚ್ ಆದ ತಕ್ಷಣ ಒಂದೇ ಸಲ ತಣ್ಣೀರಿನಲ್ಲಿ ಜಾಲಿಸಿ ಆಸಿಡ್ ಕೊಡುತ್ತಿದ್ದೆವು. ಅದರ ಬದಲು ಎರಡು ಸಲ ಬಿಸಿನೀರಿನ ತೊಳೆತ, ಆಮೇಲೆ ಆಸಿಡ್ ಅಂತ ಯಜಮಾನರಿಗೆ ಹೇಳಿದೆ. ಉಗಿಯ ಖರ್ಚು ಜಾಸ್ತಿ ಆಗುತ್ತದೆ ಅಂದರು. ತೂತು ಬಿದ್ದ ಬಟ್ಟೆಯನ್ನು ಮೇಜಿನ ಮೇಲೆ ಹರಡಿದೆ. ಒಪ್ಪಿದರು. ಬಟ್ಟೆಯವರಿಗೆ ನಷ್ಟವನ್ನೂ ಕಟ್ಟಿಕೊಟ್ಟರು.

ಟ್ಯಾಂಕ್ ತೊಳೆಸಿ, ಕೆಳಗೆ ಮರಳಿನ ಫಿಲ್ಟರ್ ಕೂರಿಸಲು ಎರಡು ದಿನ ಹಿಡಿಯಿತು. ಮೂರನೇ ದಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ: ನೀರು, ಮೆಗ್ನೀಸಿಯಂ, ಸಿಲಿಕೇಟ್, ಕಾಸ್ಟಿಕ್, ಕೊನೆಗೆ ಪೆರಾಕ್ಸೈಡ್. ಕಾಸ್ಟಿಕ್ ಮೊದಲು ಬಿದ್ದರೆ ಮೆಗ್ನೀಸಿಯಂ ಬಿಳಿ ಹಿಟ್ಟಾಗಿ ಕೂತುಬಿಡುತ್ತದೆ, ಅದಕ್ಕೆ ಈ ಸಾಲು. 90 ಡಿಗ್ರಿ ಮುಟ್ಟಿದರೂ ನೊರೆ ಏಳಲಿಲ್ಲ. ಗಂಟೆ ಮುಗಿದ ಮೇಲೆ ನೀರು ತೆಗೆದು ಪರ್ಮಾಂಗನೇಟ್ ಬಿಟ್ಟೆ. ಮೊದಲ ಹನಿಯ ನೇರಳೆ ಮಾಯವಾಯಿತು. ಎರಡನೆಯದೂ. ಆ ಹಿರಿಯರು ಪಕ್ಕದಲ್ಲಿ ನಿಂತು ಹನಿ ಎಣಿಸುತ್ತಿದ್ದರು.